ಅಲರ್ಜಿ ಮಾತ್ರೆ ನಿದ್ದೆಗಲ್ಲ: ಸ್ಪಷ್ಟನೆ

ಸಕಲೇಶಪುರ, ಮೂಡಿಗೆರೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ‘ಅವಿಲ್ ನಿದ್ದೆ ಮಾತ್ರೆಯಲ್ಲ, ಬರೀ ಅಲರ್ಜಿಯದ್ದು, ವಯಸ್ಸಾದವರಿಗೆ ದಿನಾ ರಾತ್ರಿ ಕೊಡಬಹುದು’ ಎಂಬ ಸಂದೇಶ ಹರಿದಾಡುತ್ತಿದೆ. ಅವಿಲ್ ಅಲರ್ಜಿ ಮಾತ್ರೆ ಎನ್ನುವುದು ನಿಜ, ದಿನಾ ರಾತ್ರಿ ಕೊಡಬಹುದು ಎನ್ನುವುದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ. ಅದರಲ್ಲಿರುವ ಫೆನಿರಮಿನ್, ಮಿದುಳನ್ನು ಎಚ್ಚರವಾಗಿಡುವ ಹಿಸ್ಟಮಿನ್‌ನ ಕೆಲಸ ತಡೆಯುತ್ತದೆ. ಮಂಪರು ಬರುವುದು ಅದಕ್ಕೇ. ದಿನಾ ನುಂಗಿದರೆ ಮೈ ಒಗ್ಗಿಹೋಗಿ ಮಂಪರು ಕಡಿಮೆಯಾಗುತ್ತದೆ. ಆದರೆ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಮನಸ್ಸಿನ ಗೊಂದಲ ಆಗಲೂ ಕಾಡಬಹುದು. ಪ್ರಾಸ್ಟೇಟ್ ತೊಂದರೆ ಇರುವ ಅಜ್ಜಂದಿರಿಗಂತೂ ಬೇಡವೇ ಬೇಡ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಚ್ಚಲು ಹಿತ್ತಿಲಲ್ಲಿ. ಮಳೆಗಾಲದ ನಡುರಾತ್ರಿ, ಪಾಚಿ ಕಟ್ಟಿದ ಮೆಟ್ಟಿಲು, ಮಂಪರುಗಣ್ಣು. ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು.

ಆತಂಕ ತಗ್ಗಿಸಲು ಕೊಡುವ, ನಿದ್ದೆ ಬರಿಸುವ ಅಲ್ಪ್ರಜೋಲಮ್ ಮಾತ್ರೆಯ ವಿಷಯ ಬೇರೆ: ಡಾಕ್ಟರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. ದಿನಾ ತೆಗೆದುಕೊಳ್ಳುತ್ತಿರುವವರು ದಿಢೀರನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರನ್ನು ಕೇಳಿ ನಿಧಾನಕ್ಕೆ ಇಳಿಸಿ.