ಏಕಾಏಕಿ ಎಂಬ ಮಹಾಕಾರಣ

ಆಟಿಸಂ ಇರುವ ಮಕ್ಕಳ ವರ್ತನೆಗೆ ಶಾಲೆಯಲ್ಲೇ ಬೆಂಬಲ ಸಿಗಬೇಕು ಎಂದು ತಜ್ಞರು ಹೇಳಿದ್ದೇ ತಡ, ಶಾಲೆ ಒಂದು ರಿಜಿಸ್ಟರ್ ತೆರೆಯಿತು. ಅದರಲ್ಲಿ ಮೂರು ಕಾಲಂ. ಘಟನೆಗೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಬಲ್ಲವರು ಇದಕ್ಕೆ ಎಬಿಸಿ ಚಾರ್ಟ್ ಎನ್ನುತ್ತಾರೆ. ಎರಡನೆಯ ಕಾಲಂ ತುಂಬಿ ತುಳುಕುತ್ತದೆ: ‘ಕಿರುಚಿದ’, ‘ಡೆಸ್ಕ್ ತಳ್ಳಿದ’, ‘ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತ’, ‘ಪಕ್ಕದವನ ಪೆನ್ಸಿಲ್ ಬಾಕ್ಸ್ ಕಿಟಕಿಯಿಂದಾಚೆ’. ಮೂರನೆಯದಕ್ಕೂ ಬರವಿಲ್ಲ: ‘ಆಚೆ ಕಳಿಸಲಾಯಿತು’, ‘ತಾಯಿಗೆ ಫೋನ್ ಮಾಡಲಾಯಿತು’. ಮೊದಲನೆಯದರಲ್ಲಿ ಮಾತ್ರ ಎಷ್ಟು ಪುಟ ತಿರುಗಿಸಿದರೂ ದುಂಡಗಿನ ಅಕ್ಷರದಲ್ಲಿ ಒಂದೇ ಪದ, ‘ಏಕಾಏಕಿ’. ಅದರ ಕೆಳಗೆ ಸಾಲಾಗಿ ಡಿಟ್ಟೋ.

ಒಂದು ದಿನದ್ದನ್ನು ನೋಡೋಣ. ‘11:20. ಏಕಾಏಕಿ ಡೆಸ್ಕ್ ತಳ್ಳಿ ಕಿರುಚಿದ.’ ಅದಕ್ಕೆ ಹದಿನೈದು ನಿಮಿಷ ಮುಂಚೆ ಆಟದ ಪೀರಿಯಡ್ ರದ್ದಾಗಿ ಗಣಿತ ಬಂದಿತ್ತು. ದಿನಾ ಬರುವ ಮಿಸ್ ರಜೆ, ಬೇರೆ ಯಾರೋ ಬಂದು ಬೇರೆ ದನಿಯಲ್ಲಿ ‘ಎಲ್ಲಿಗೆ ನಿಲ್ಲಿಸಿದ್ರು?’ ಎಂದು ಕೇಳಿದ್ದರು. ಗುಂಪು ಚಟುವಟಿಕೆಗೆಂದು ಇಡೀ ತರಗತಿ ಕುರ್ಚಿ ಎಳೆದಿತ್ತು. ಹಳೇ ಚೋಕಿನ ಟ್ಯೂಬ್‌ಲೈಟು 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತ, ಗುಂಯ್‌ಗುಡುತ್ತಿತ್ತು. ಮೈಕಿನಲ್ಲಿ ಯಾರದೋ ಹೆಸರು ಮೂರು ಸಲ ಕರೆದರು. ಕೊನೆಗೆ ಬೆಲ್ಲು ಹೊಡೆಯಿತು. ಅದು ಇರುವುದು ಹುಡುಗನ ತಲೆಯಿಂದ ಒಂದು ಮೊಳ ಮೇಲೆ, ಯಾಕೆಂದರೆ ‘ವಿಶೇಷ ಗಮನ’ಕ್ಕಾಗಿ ಅವನನ್ನು ಬಾಗಿಲ ಪಕ್ಕದ ಮುಂದಿನ ಬೆಂಚಿಗೆ ತರಲಾಗಿದೆ. ಇಷ್ಟು ಬಿಟ್ಟರೆ ಏನೂ ಆಗಿರಲಿಲ್ಲ.

ಬರೆಯುವವರ ಸಂಕಟವೂ ಅರ್ಥವಾಗುವಂಥದ್ದೇ. ಆ ಕಾಲಂ ತುಂಬುತ್ತಾ ಹೋದರೆ ಅದರಲ್ಲಿ ಬೆಲ್ಲು ಬರುತ್ತದೆ, ಟೈಮ್‌ಟೇಬಲ್ ಬರುತ್ತದೆ, ಎರಡು ಸಾಲು ಮುಂದಕ್ಕೆ ಹೆಡ್‌ಮಾಸ್ಟರೇ ಬಂದುಬಿಡುತ್ತಾರೆ. ಹೆಡ್‌ಮಾಸ್ಟರ ವರ್ತನೆಯ ಚಾರ್ಟ್ ಅಂಟಿಸಲು ಗೋಡೆ ಎಲ್ಲಿದೆ?

ಹಾಗಂತ ವಿಷಯ ಹೊಸದೇನಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದ ಲೇಖನದಲ್ಲೇ ವ್ಯಾಕ್ಯೂಮ್ ಕ್ಲೀನರಿಗೆ, ಲಿಫ್ಟಿಗೆ, ಮೊಟ್ಟೆ ಕಡೆಯುವ ಯಂತ್ರಕ್ಕೆ ಬೆದರುವ ಮಕ್ಕಳಿದ್ದಾರೆ. ದಿನಚರಿ ತುಸು ಅಲುಗಿದರೂ ಕಂಗಾಲಾಗುವುದನ್ನೂ ಅವರು ಅಲ್ಲೇ ಬರೆದಿಟ್ಟರು. ಸದ್ದು, ಬೆಳಕು, ಸ್ಪರ್ಶಕ್ಕೆ ಅತಿಯಾಗಿಯೋ ತೀರಾ ಕಡಿಮೆಯಾಗಿಯೋ ಸ್ಪಂದಿಸುವುದು ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 ಕೈಪಿಡಿಯ ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರಲ್ಲಿ. ವೈದ್ಯರ ಲೇಖನದಿಂದ ವೈದ್ಯರ ಕೈಪಿಡಿಗೆ ಬರಲು 70 ವರ್ಷ. ಅದೇ ವೇಗದಲ್ಲಿ ಹೊರಟರೆ ಸುದ್ದಿ ಸ್ಟಾಫ್‌ರೂಮಿಗೆ ಮುಟ್ಟುವುದು 2083ಕ್ಕೆ. ಅಲ್ಲಿಯವರೆಗೆ ಬೆಲ್ಲಿನ ಆಯುಸ್ಸು ಗಟ್ಟಿ.

ಮೂರನೆಯ ಕಾಲಂನ ಮಹಿಮೆಯೇ ಬೇರೆ. ಹುಡುಗನಿಗೆ ಗಣಿತ ತಲೆಗೆ ಹತ್ತಲಿಲ್ಲ, ಪುಸ್ತಕ ಎಸೆದ. ಆಚೆ ಕಳಿಸಿದರು. ಆಚೆ ಕಾರಿಡಾರಿನಲ್ಲಿ ಟ್ಯೂಬ್‌ಲೈಟಿಲ್ಲ, ಕುರ್ಚಿ ಎಳೆಯುವವರಿಲ್ಲ, ಮುಖ್ಯವಾಗಿ ಗಣಿತವಿಲ್ಲ. ಮರುದಿನ ಮೊದಲ ಲೆಕ್ಕಕ್ಕೇ ಪುಸ್ತಕ ಹಾರಿತು. ವಾರ ಕಳೆಯುವಷ್ಟರಲ್ಲಿ ಮೇಷ್ಟ್ರು ಬಾಗಿಲಲ್ಲಿ ಕಾಣಿಸಿದರೆ ಸಾಕು, ಪುಸ್ತಕ ಗಾಳಿಯಲ್ಲಿ. ಇಡೀ ವರ್ಷದಲ್ಲಿ ಶಾಲೆ ಯಾವ ಮಗುವಿಗೂ ಇಷ್ಟು ಪಕ್ಕಾ ಪಾಠ ಕಲಿಸಿಲ್ಲ. ಮೇಷ್ಟ್ರೂ ಕಲಿತರು ಅನ್ನಿ: ಇವನನ್ನು ಆಚೆ ಹಾಕಿದರೆ ತರಗತಿ ತಣ್ಣಗಾಗುತ್ತದೆ. ಅವನಿಗೆ ಗಣಿತ ತಪ್ಪಿತು, ಇವರಿಗೆ ಅವನು ತಪ್ಪಿದ. ಇಬ್ಬರಿಗೂ ಬಹುಮಾನ ಸಿಕ್ಕಿದ ಮೇಲೆ ಇಬ್ಬರೂ ಯಾಕೆ ಬಿಟ್ಟಾರು?

ವರ್ತನೆಯ ಹಿಂದೆ ಒಂದು ಉದ್ದೇಶವಿರುತ್ತದೆ, ಗಮನ ಬೇಕಿರಬಹುದು, ವಸ್ತು ಬೇಕಿರಬಹುದು, ತಪ್ಪಿಸಿಕೊಳ್ಳಬೇಕಿರಬಹುದು, ಮೈಗೆ ಹಿತ ಬೇಕಿರಬಹುದು, ಅದನ್ನು ಮೊದಲು ಪತ್ತೆ ಮಾಡಿ ಎಂದು ವರ್ತನೆಯ ಶಾಸ್ತ್ರ ಹೇಳುತ್ತಲೇ ಬಂದಿದೆ. ಅಮೆರಿಕವಂತೂ 1997ರಲ್ಲಿ ತನ್ನ ವಿಶೇಷ ಶಿಕ್ಷಣ ಕಾನೂನು ತಿದ್ದಿ, ಇಂಥ ಮಕ್ಕಳ ಮೇಲೆ ಶಿಸ್ತುಕ್ರಮ ಜರುಗಿಸುವಾಗ ಆ ಪತ್ತೆದಾರಿಕೆಯನ್ನೂ ಸೇರಿಸಿತು. ಪರಿಣಾಮವಾಗಿ ಒಳ್ಳೊಳ್ಳೆಯ ಫಾರಂಗಳು ತಯಾರಾದವು.

ಹಳಬರ ಕಾಲ ಕಠಿಣವಾಗಿತ್ತು, ಒಪ್ಪಬೇಕು. ಐವರ್ ಲೋವಾಸ್ ಎಂಬ ಮನಶ್ಶಾಸ್ತ್ರಜ್ಞ 1987ರಲ್ಲಿ ಪ್ರಕಟಿಸಿದ ಹೆಸರಾಂತ ಅಧ್ಯಯನದಲ್ಲಿ ಆಟಿಸಂ ಇರುವ 19 ಮಕ್ಕಳಿಗೆ ವಾರಕ್ಕೆ 40 ಗಂಟೆ ವರ್ತನೆ ತಿದ್ದುವ ತರಬೇತಿ. ಅವರಲ್ಲಿ 9 ಮಂದಿ ಎಲ್ಲರಂತಾದರು ಎಂದು ಅವರ ವಾದ. ವಿಧಾನದಲ್ಲಿ ಗದರಿಕೆಯೂ ಇತ್ತು, ಆಗೀಗ ತೊಡೆಗೊಂದು ಏಟೂ ಇತ್ತು. ಈಗ ಏಟು ಹೋಗಿ ಸ್ಟಾರ್ ಬಂದಿದೆ. ಕೈ ಬೀಸದೆ ಕೂತರೆ ಒಂದು ಸ್ಟಾರ್, ಮೈ ತೂಗದೆ ಕೂತರೆ ಒಂದು. ಹುಡುಗ ತನ್ನೆರಡು ಕೈಗಳನ್ನು ತೊಡೆ ಕೆಳಗೆ ಅದುಮಿಕೊಂಡು, ತುಟಿ ಕಚ್ಚಿ, ನಲವತ್ತು ನಿಮಿಷ ಕೂತು ಎರಡು ಸ್ಟಾರ್ ಗೆದ್ದ. ಆ ನಲವತ್ತು ನಿಮಿಷದ ಪಾಠ ಏನೆಂದು ಅವನನ್ನು ಯಾರೂ ಕೇಳಲಿಲ್ಲ. ಅದಕ್ಕೆ ಸ್ಟಾರ್ ಇರಲಿಲ್ಲ.

ಹುಡುಗನಿಗಾಗಿ ಶಾಲೆ ಮಾಡಿದ ಈ ಸಾಲಿನ ಯೋಜನೆಯಲ್ಲಿ ಇನ್ನೊಂದು ಗುರಿ ಸೇರಿದೆ: ‘ಮಾತನಾಡುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, 10ಕ್ಕೆ 8 ಸಲ.’ ಅದನ್ನು ಸಭೆಯಲ್ಲಿ ಮಂಡಿಸಿದ ಮೇಡಂ ಕಾಗದ ನೋಡುತ್ತಿದ್ದರು. ಹೆಡ್‌ಮಾಸ್ಟರು ಫೋನ್ ನೋಡುತ್ತಿದ್ದರು. ಥೆರಪಿಸ್ಟ್ ಲ್ಯಾಪ್‌ಟಾಪ್ ನೋಡುತ್ತಿದ್ದರು. ಎಲ್ಲರ ಮುಖ ನೋಡುತ್ತಿದ್ದವರು ಹುಡುಗನ ತಾಯಿ ಒಬ್ಬರೇ.

‘ಮೇಡಂ, ನೀವು ಹೇಳೋದು ಅವನಿಗೆ ಕೇಳಿಸುತ್ತೆ. ಮುಖ ನೋಡು ಅಂದ್ರೆ ಮಾತ್ರ ಆಮೇಲೆ ಏನೂ ಕೇಳಿಸಲ್ಲ.’

‘ಸರಿ ಅಮ್ಮ, ಆದ್ರೆ ಈ ಕಡೆ ನೋಡದಿದ್ರೆ ಕೇಳಿಸಿಕೊಂಡ ಅಂತ ನಮಗೆ ಹೇಗೆ ಗೊತ್ತಾಗಬೇಕು?’

‘ಕೇಳಿದ್ದಕ್ಕೆ ಉತ್ತರ ಹೇಳ್ತಾನಲ್ಲ?’

‘ಉತ್ತರವೇನೋ ಸರಿಯಾಗೇ ಹೇಳ್ತಾನೆ. ಕಿಟಕಿ ನೋಡ್ಕೊಂಡು ಹೇಳ್ತಾನೆ.’

ಸಭೆಯ ನಡಾವಳಿಯಲ್ಲಿ ದಾಖಲಾದ ವಾಕ್ಯ: ‘ಪೋಷಕರ ಸಹಕಾರ ಸಾಲದು.’

ಆಮೇಲೆ ಕಾರ್ಡಿನ ಪ್ರಕರಣ. ಕಾರ್ ಮತ್ತು ಡ್ಯೂರಾಂಡ್ ಎಂಬಿಬ್ಬರು ಸಂಶೋಧಕರು 1985ರಲ್ಲೇ ತೋರಿಸಿದ್ದರು: ರಂಪ ಮಾಡಿ ಪಡೆಯುವುದನ್ನು ಕೇಳಿ ಪಡೆಯಲು ಕಲಿಸಿದರೆ ರಂಪ ಇಳಿಯುತ್ತದೆ. ಅದರಂತೆ ಸ್ಪೆಷಲ್ ಎಜುಕೇಟರ್ ಒಂದು ಕಾರ್ಡ್ ಮಾಡಿಕೊಟ್ಟರು, ‘ನನಗೆ ಬಿಡುವು ಬೇಕು’. ಲ್ಯಾಮಿನೇಶನ್ ಮಾಡಿಸಿ, ಮೂಲೆಗೆ ತೂತು ಹಾಕಿ, ದಾರ ಕಟ್ಟಿ ಕೊಟ್ಟಿದ್ದರು. ಹುಡುಗ ಕಾರ್ಡ್ ಎತ್ತಿದ. ಬಿಡುವು ಸಿಕ್ಕಿತು. ಐದು ನಿಮಿಷ ಆಚೆ ಕೂತು ತಾನಾಗಿ ಒಳಗೆ ಬಂದ. ರಿಜಿಸ್ಟರಿಗೆ ಬರೆಯಲು ಏನೂ ಇರಲಿಲ್ಲ. ಎಲ್ಲರಿಗೂ ಸಂತೋಷ. ಆದರೆ ಮರುದಿನವೂ ಎತ್ತಿದ, ಒಂದೇ ದಿನ ನಾಲ್ಕು ಸಲ.

‘ಇದು ದುರುಪಯೋಗ’ ಎಂದು ಸಮಿತಿ ತೀರ್ಮಾನಿಸಿತು. ನಾಲ್ಕು ಸಲ ಬಿಡುವು ಬೇಕಾಗುವಂಥದ್ದು ಆ ಕೋಣೆಯಲ್ಲಿ ಏನಿದೆ ಎಂಬ ಪ್ರಶ್ನೆ ಅಜೆಂಡಾದಲ್ಲಿರಲಿಲ್ಲ. ಮೊದಲು ದಿನಕ್ಕೆ ಎರಡೇ ಸಲ ಎಂದಾಯಿತು, ಆಮೇಲೆ ‘ಪಾಠ ಮುಗಿದ ಮೇಲೆ ಮಾತ್ರ’ ಎಂದಾಯಿತು. ಕೊನೆಗೆ ಕಾರ್ಡ್ ಆಫೀಸಿನ ಬೀರು ಸೇರಿತು. ಹತ್ತು ಸ್ಟಾರ್ ಗಳಿಸಿದರೆ ಒಂದು ಸಲ ಕಾರ್ಡ್ ತೋರಿಸುವ ಅವಕಾಶ. ಅಂದರೆ ತಡೆದುಕೊಳ್ಳಲಾಗದು ಎಂದು ಹೇಳಬೇಕಾದರೆ ಮೊದಲು ಹತ್ತು ಸಲ ತಡೆದುಕೊಂಡು ತೋರಿಸಬೇಕು. ಬಾಯಾರಿಕೆ ತಡೆದವರಿಗೆ ಮಾತ್ರ ನೀರು ಎಂಬ ಹಾಗೆ.

ನಡುವೆ ಒಂದು ಅಪಚಾರವೂ ನಡೆಯಿತು. ತಾತ್ಕಾಲಿಕವಾಗಿ ಬಂದ ಹೊಸ ಮಿಸ್ ಒಬ್ಬರು ಯಾರನ್ನೂ ಕೇಳದೆ ಹುಡುಗನ ಡೆಸ್ಕನ್ನು ಬೆಲ್ಲಿನಿಂದ ದೂರದ ಗೋಡೆಗೆ ಸರಿಸಿದರು. ಗುಂಯ್‌ಗುಡುವ ಟ್ಯೂಬಿನ ಸ್ಟಾರ್ಟರ್ ಕಳಚಿಟ್ಟರು. ದಿನದ ಪೀರಿಯಡ್‌ಗಳನ್ನು ಬೋರ್ಡಿನ ಅಂಚಿನಲ್ಲಿ ಚಿತ್ರ ಬರೆದು ತೋರಿಸಿ, ಬದಲಾವಣೆ ಇದ್ದರೆ ಬೆಳಗ್ಗೆಯೇ ಅವನ ಕೈಯಲ್ಲೇ ಹಳೆಯ ಚಿತ್ರ ಒರೆಸಿಸಿದರು. ಕೈ ಬೀಸಿದರೆ ಬೀಸಲಿ ಎಂದು ಬಿಟ್ಟರು. ರಿಜಿಸ್ಟರ್ ಖಾಲಿ ಬಿತ್ತು. ತಿಂಗಳ ಕೊನೆಗೆ ಸಮಿತಿ ಗಾಬರಿಯಾಯಿತು. ‘ಡೇಟಾನೇ ಇಲ್ಲ. ಡೇಟಾ ಇಲ್ಲದೆ ಪ್ರಗತಿ ತೋರಿಸೋದು ಹೇಗೆ?’ ಎಂದರು ಸಂಯೋಜಕರು. ಡೆಸ್ಕ್ ಮತ್ತೆ ಬಾಗಿಲ ಪಕ್ಕಕ್ಕೆ ಬಂತು. ಎರಡೇ ದಿನದಲ್ಲಿ ಡೇಟಾವೂ ಬಂತು.

ಏಪ್ರಿಲ್ 2ರ ಸಂಭ್ರಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿಶ್ವಸಂಸ್ಥೆ 2007ರಲ್ಲಿ ನಿರ್ಣಯಿಸಿ, 2008ರಿಂದ ಆಚರಣೆಗೆ ಬಂದ ಆಟಿಸಂ ಜಾಗೃತಿ ದಿನ. ಆಳೆತ್ತರದ ಸ್ಪೀಕರ್, ನೀಲಿ ಬಲೂನು, ಮಾತಿಗೊಮ್ಮೆ ಚಪ್ಪಾಳೆ. ಬ್ಯಾನರಿನಲ್ಲಿ ಹುಡುಗನ ಫೋಟೋ. ಹುಡುಗ ಮಾತ್ರ ಮನೆಯಲ್ಲಿ. ಅಂದು ಅವನನ್ನು ಕಳಿಸಬೇಡಿ ಎಂದು ಶಾಲೆಯೇ ತಾಯಿಗೆ ಹೇಳಿತ್ತು, ಕಾರ್ಯಕ್ರಮಕ್ಕೆ ತೊಂದರೆಯಾಗಬಾರದಲ್ಲ.

ಈ ಎಲ್ಲ ಸಾಧನೆಯ ಮುಂದುವರಿಕೆಯಾಗಿ ಶಿಕ್ಷಕರಿಗೆ ಮೂರು ಗಂಟೆಯ ಕಾರ್ಯಾಗಾರ ಏರ್ಪಾಡಾಯಿತು. ವಿಷಯ: ಸವಾಲಿನ ವರ್ತನೆಯ ನಿರ್ವಹಣೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹಿಂದಿನ ಸಾಲಿನ ಗಣಿತದ ಮೇಷ್ಟ್ರ ಕಾಲು ಮೇಜಿನಡಿ ನಿಲ್ಲದೆ ಅಲುಗತೊಡಗಿತು. ವಿಜ್ಞಾನದ ಮೇಡಂ ಪೆನ್ನಿನ ಮೂತಿ ಟಿಕ್ ಟಿಕ್ ಎನಿಸುತ್ತ ಕೂತರು. ಸಂಯೋಜಕರು ನೋಟ್‌ಬುಕ್ಕಿನ ಅಂಚಿನ ತುಂಬ ಚೌಕದೊಳಗೆ ಚೌಕ ಬರೆದರು. ಮೂವರು ಕರೆ ಬಂದಂತೆ ಫೋನ್ ಕಿವಿಗಿಟ್ಟುಕೊಂಡು ಆಚೆ ಹೋದರು. ವಾಪಸ್ ಬಂದವರು ಒಬ್ಬರು. ಮೈಕ್ ಒಮ್ಮೆ ಕೀಂಯ್ ಎಂದಾಗ ಇಡೀ ಸಭಾಂಗಣ ಕಿವಿಗೆ ಕೈ ಕೊಟ್ಟಿತು. ಸಂಪನ್ಮೂಲ ವ್ಯಕ್ತಿಯ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದವರು 10ಕ್ಕೆ ಒಬ್ಬರೂ ಸಿಗುತ್ತಿರಲಿಲ್ಲ.

ಅವರು ಒಳ್ಳೆಯ ಮನುಷ್ಯ. ಎದುರಿಗಿದ್ದವರ ಮುಖ ನೋಡಿ, ‘ಎಲ್ಲರೂ ದಣಿದಿದ್ದೀರಿ ಅನ್ಸುತ್ತೆ’ ಎಂದು ಕಾರ್ಯಾಗಾರವನ್ನು ಮುಕ್ಕಾಲು ಗಂಟೆ ಮೊದಲೇ ಮುಗಿಸಿದರು. ಯಾರೂ ಕಾರ್ಡ್ ತೋರಿಸಬೇಕಾಗಲಿಲ್ಲ.