ಡಿಸೆಂಬರ್ 8 ಯಾರ ಗರ್ಭದ ಹಬ್ಬ?

ಅಮಲೋದ್ಭವ ಮಾತೆಯ ಹಬ್ಬ ಅಂದಕೂಡಲೇ ಕಥೋಲಿಕರಲ್ಲೂ ಅನೇಕರು "ಮರಿಯಮ್ಮನವರು ಯೇಸುಸ್ವಾಮಿಯನ್ನು ಗರ್ಭ ಧರಿಸಿದ ದಿನ" ಅಂತಾರೆ. ಅಲ್ಲ. ಅದು ಮಾರ್ಚ್ 25. ಡಿಸೆಂಬರ್ 8 ಇರುವುದು ಮರಿಯಮ್ಮನವರೇ ತಮ್ಮ ತಾಯಿ ಅನ್ನಮ್ಮನ ಹೊಟ್ಟೆಯಲ್ಲಿ ಮೂಡಿದ ಗಳಿಗೆಗೆ. ಸೆಪ್ಟೆಂಬರ್ 8 ಅವರ ಜನ್ಮದಿನದ ಹಬ್ಬ, ಅಲ್ಲಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿ ನೋಡಿ. ಗೊಂದಲ ಹುಟ್ಟುವುದು ಅಂದಿನ ಪೂಜೆಯಲ್ಲಿ ಓದುವ ಶುಭಸಂದೇಶದಿಂದ: ಲೂಕ 1:26-38, ದೂತ ಗಬ್ರಿಯೇಲ ಮರಿಯಮ್ಮನವರ ಬಳಿ ಬಂದ ಪ್ರಸಂಗ. ಅದನ್ನು ಓದುವುದು 28ನೇ ವಚನದ "ವರಪ್ರಸಾದ ಪೂರ್ಣೆ" (ದೇವರ ಕೃಪೆ ತುಂಬಿದವಳೇ) ಎಂಬ ಮಾತಿನ ಸಲುವಾಗಿ.

ಇದಕ್ಕಿಂತ ಆಳವಾದ ತಪ್ಪು ಹಬ್ಬದ ಹೆಸರಿನಲ್ಲಿರುವ ಅಮಲ, ಅಂದರೆ "ನಿಷ್ಕಳಂಕ" ಶಬ್ದದಲ್ಲಿದೆ. ಕೇಳಿದವರು ಅದನ್ನು ಮಡಿ-ಮೈಲಿಗೆಗೆ ಹಚ್ಚುತ್ತಾರೆ; ಗಂಡ-ಹೆಂಡಿರ ಕೂಡುವಿಕೆಯೇ ಕಳಂಕ, ಅದಿಲ್ಲದೆ ಮರಿಯಮ್ಮನವರು ಹುಟ್ಟಿದರು ಅಂದುಕೊಳ್ಳುತ್ತಾರೆ. ಶರಣರು ಜನನಸೂತಕವನ್ನೇ ತಳ್ಳಿಹಾಕಿದ ನಾಡಿನಲ್ಲಿ ಈ ಅರ್ಥ ಉಳಿಯಬಾರದು. ಧರ್ಮಸಭೆ ಹಾಗೆ ಹೇಳಿಯೇ ಇಲ್ಲ. ಅವರು ಅಪ್ಪ-ಅವ್ವನಿಗೆ ಎಲ್ಲ ಮಕ್ಕಳಂತೆಯೇ ಹುಟ್ಟಿದವರು. ಕನ್ಯೆಯಿಂದ ಜನನ ಯೇಸುವಿನದು.

ಇಲ್ಲಿ ಕಳಂಕ ಅಂದರೆ ಜನ್ಮಪಾಪ. ಅದು ಕೂಸು ಮಾಡಿದ ಪಾಪವಲ್ಲ, ಹಿಂದಿನ ಜನ್ಮದ ಕರ್ಮವೂ ಅಲ್ಲ. ಹಿರಿಯರು ಹೊಲ ಕಳೆದುಕೊಂಡರೆ ಮೊಮ್ಮಕ್ಕಳು ಹೊಲವಿಲ್ಲದೆ ಹುಟ್ಟುತ್ತಾರಲ್ಲ, ತಪ್ಪು ಅವರದಲ್ಲ, ಕೊರತೆ ಮಾತ್ರ ಅವರದು. ಹಾಗೆ ಆದಾಮನಿಂದ ಕಳೆದುಹೋದದ್ದು ದೇವರ ಕೃಪೆ. ನಮಗೆ ಅದು ಜ್ಞಾನಸ್ನಾನದಲ್ಲಿ ಮರಳಿ ಸಿಗುತ್ತದೆ, ಮರಿಯಮ್ಮನವರಿಗೆ ಮೊದಲ ಕ್ಷಣದಿಂದಲೇ ಇತ್ತು.

ಬಾಸೆಲ್ ಮಿಶನ್ನಿನ ಹಳೆಯ ಸಭೆಗಳಿರುವ ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿಯಲ್ಲಿ ಪ್ರೊಟೆಸ್ಟಂಟ್ ಬಂಧುಗಳ ಪ್ರಶ್ನೆ ನೇರವಾಗಿರುತ್ತದೆ: "ಪಾಪಾನ ಇಲ್ಲಂದ್ರ ಅವರಿಗೆ ರಕ್ಷಕ ಯಾಕ ಬೇಕು? ರೋಮ 3:23 ಎಲ್ಲಾರೂ ಪಾಪ ಮಾಡ್ಯಾರ ಅಂತೈತಲ್ಲ?" ಈ ಪ್ರಶ್ನೆಗೆ ಸಿಟ್ಟಾಗಬಾರದು. 13ನೇ ಶತಮಾನದಲ್ಲಿ ದೊಡ್ಡ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರನ್ನು ತಡೆದದ್ದೂ ಇದೇ ತೊಡಕು. ಬಿಡಿಸಿದವರು 1308ರಲ್ಲಿ ತೀರಿಕೊಂಡ ಇನ್ನೊಬ್ಬ ದೇವಶಾಸ್ತ್ರಜ್ಞ ಡನ್ಸ್ ಸ್ಕೋಟಸ್. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಮಳೆಗಾಲದ ಎರೆಹೊಲದಲ್ಲಿ ಮೊಣಕಾಲುಮಟ ಹುಗಿದವನನ್ನು ಎಳೆದು ತೆಗೆಯುವುದೂ ರಕ್ಷಣೆ, ಕಾಲಿಡುವ ಮೊದಲೇ ರಟ್ಟೆ ಹಿಡಿದು ನಿಲ್ಲಿಸುವುದೂ ರಕ್ಷಣೆ. ಎರಡನೆಯದು ಇನ್ನೂ ದೊಡ್ಡದು. "ನನ್ನ ರಕ್ಷಕ" ಎಂದು ಲೂಕ 1:47ರಲ್ಲಿ ಮರಿಯಮ್ಮನವರೇ ಹಾಡುತ್ತಾರೆ.

1854ರ ಡಿಸೆಂಬರ್ 8ರಂದು ಮರಿಯಮ್ಮನವರು ಜನ್ಮಪಾಪವಿಲ್ಲದೆ ಗರ್ಭದಲ್ಲಿ ಮೂಡಿದರೆಂದು ಪೋಪ್ 9ನೇ ಪಿಯುಸ್ ಮಾಡಿದ ಘೋಷಣೆಯಲ್ಲೂ ಇದೇ ತಿರುಳು: ಯೇಸುಕ್ರಿಸ್ತರ ಪುಣ್ಯಫಲದ ದೆಸೆಯಿಂದ. ಧರ್ಮೋಪದೇಶ ತರಗತಿಯಲ್ಲಿ ಈ ಮಾತನ್ನು ಬಿಟ್ಟು ಕಲಿಸಿದರೆ ಮಕ್ಕಳ ತಲೆಯಲ್ಲಿ ಇನ್ನೊಬ್ಬ ದೇವತೆ ಕೂತುಬಿಡುತ್ತಾಳೆ. ಮೊದಲು ಕೃಪೆ ಏನೆಂದು ಹೇಳಿ, ಆಮೇಲೆ ಜನ್ಮಪಾಪ, ಅನಂತರ ಕ್ರಿಸ್ತ, ಕೊನೆಗೆ ಮರಿಯಮ್ಮ. ಫ್ರಾನ್ಸಿನ ಲೂರ್ದಿನಲ್ಲಿ ಮರಿಯಮ್ಮನವರು ಕಾಣಿಸಿಕೊಂಡ ಪ್ರಸಂಗದಿಂದ ಶುರುಮಾಡಬೇಡಿ. ಆ ದರ್ಶನಗಳಾದದ್ದು 1858ರಲ್ಲಿ, ಘೋಷಣೆಯಾಗಿ ನಾಲ್ಕು ವರ್ಷದ ಮೇಲೆ.

ಹಾಗೇ ಒಂದು ಮಾತು, ಹಬ್ಬ ಆಗಮನ ಕಾಲದ (ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳು) ಭಾನುವಾರದಂದು ಬಿದ್ದರೆ 2024ರಲ್ಲಿ ಆದಂತೆ ಸೋಮವಾರ 9ಕ್ಕೆ ಸರಿಯುತ್ತದೆ. ಮುಂದಿನ ಸಲ 8 ಭಾನುವಾರ ಬರುವುದು 2030ರಲ್ಲಿ.