ಬಣ್ಣ ಬಳಿಯಿರಿ ಅಂತ ನಾನು ಕೇಳಿದ್ನಾ?

ನಿನ್ನೆ ಸಂಜೆಯಿಂದ ತಲೆ ಕೆಟ್ಟುಹೋಗಿದೆ. ಯಾರ ಹತ್ತಿರ ಹೇಳಿಕೊಂಡರೂ "ಅಯ್ಯೋ, ಆಟದ ಸಾಮಾನು ತಾನೆ?" ಅನ್ನುತ್ತಾರೆ. ಹೌದು, ಆಟದ ಸಾಮಾನೇ. ಅದಕ್ಕೇ ಇಷ್ಟು ಹೊಟ್ಟೆ ಉರಿಯುತ್ತಿರೋದು.

ಎರಡು ವರ್ಷದಿಂದ ಹುಡುಕುತ್ತಿದ್ದ ಬಸ್ಸು ಅದು. ಮ್ಯಾಚ್‌ಬಾಕ್ಸ್ ಅನ್ನೋ ಪುಟ್ಟ ಲೋಹದ ಆಟಿಕೆ ಗಾಡಿಗಳ ಸಾಲಿನಲ್ಲಿ 17ನೇ ನಂಬರ್, 'ದಿ ಲಂಡನರ್'. 1972ರಲ್ಲಿ ಇಂಗ್ಲೆಂಡಿನ ಲೆಸ್ನಿ ಕಂಪನಿ ತಂದ ಕೆಂಪು ಡಬಲ್ ಡೆಕ್ಕರ್, ಪಕ್ಕದಲ್ಲಿ ಬರ್ಜರ್ ಪೇಂಟ್ಸ್ ಸ್ಟಿಕ್ಕರ್. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಸೋದರಮಾವ ತಂದುಕೊಟ್ಟಿದ್ದರು. ಆಗ ಬೆಂಗಳೂರಿನಲ್ಲೂ ಸಿಟಿ ಬಸ್ ಸಂಸ್ಥೆ ಬಿಟಿಎಸ್‌ನ ಡಬಲ್ ಡೆಕ್ಕರ್‌ಗಳು ಓಡುತ್ತಿದ್ದವು. ಮೇಲಿನ ಮುಂದಿನ ಸೀಟು ಹಿಡಿಯಲು ಅಪ್ಪನ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಮನೆಗೆ ಬಂದರೆ ರೆಡ್ ಆಕ್ಸೈಡ್ ನೆಲದ ಮೇಲೆ ನನ್ನದೇ ಬಸ್ಸು, ನಾನೇ ಡ್ರೈವರ್, ನಾನೇ ಕಂಡಕ್ಟರ್. ಹೊಸಿಲಿಗೆ ಗುದ್ದಿ ಗುದ್ದಿ ಮುಂದಿನ ಎಡ ಮೂಲೆಯ ಬಣ್ಣ ಹಾರಿಹೋಗಿತ್ತು. ಒಳಗಿನ ಬೂದು ಲೋಹ ಅಕ್ಕಿಕಾಳಿನಷ್ಟು ಕಾಣುತ್ತಿತ್ತು. ಮನೆ ಬದಲಾಯಿಸುವಾಗ ಅದು ಹಳೇ ಸಾಮಾನಿನ ಜೊತೆ ಹೋಯಿತು. ಅಪ್ಪನೂ ಈಗಿಲ್ಲ.

ಹೋದ ತಿಂಗಳು ಒಬ್ಬ ಮಾರಾಟಗಾರ ಫೋಟೊ ಹಾಕಿದ್ದ. ಅದೇ ಬಸ್ಸು. ಹೆಚ್ಚೂಕಮ್ಮಿ ಅದೇ ಮೂಲೆಯಲ್ಲಿ ಬಣ್ಣ ಹಾರಿತ್ತು! 3,200 ರೂಪಾಯಿ ಕೇಳಿದ. ಚೌಕಾಸಿ ಕೂಡ ಮಾಡಲಿಲ್ಲ. "ಇದ್ದ ಹಾಗೇ ಕಳಿಸಿ" ಅಂತ ಮೆಸೇಜ್ ಹಾಕಿದ್ದೆ.

ಪಾರ್ಸೆಲ್ ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ಸ್ಪ್ರೇ ಪೇಂಟ್ ವಾಸನೆ. ಬಸ್ಸು ಟೊಮೆಟೊ ಥರ ಮಿರಿಮಿರಿ ಮಿಂಚುತ್ತಿತ್ತು. ಕಾರ್ಖಾನೆಯ ಬಣ್ಣ ತೆಳ್ಳಗೆ ಕೂತಿರುತ್ತದೆ, ಕಿಟಕಿಯ ಅಂಚೆಲ್ಲ ಚೂಪಾಗಿ ಎದ್ದು ಕಾಣುತ್ತದೆ. ಇಲ್ಲಿ ಅಂಚಿಗೆಲ್ಲ ಬಣ್ಣ ತುಂಬಿ ಮೊಂಡಾಗಿದೆ. ಸ್ಟಿಕ್ಕರ್ ಮನೆಯ ಪ್ರಿಂಟರಿನದ್ದು, ಒದ್ದೆ ಬೆರಳು ತಾಗಿದ್ದಕ್ಕೇ ಶಾಯಿ ಹರಡಿತು. ತಿರುಗಿಸಿ ನೋಡಿದರೆ ತಳವನ್ನು ಬಾಡಿಗೆ ಬಿಗಿದಿಡುವ ರಿವೆಟ್ ಕೊರೆದು ತೆಗೆದು, ಆಮೇಲೆ ಗೋಂದು ಮೆತ್ತಿದ್ದಾನೆ. 'ಮೇಡ್ ಇನ್ ಇಂಗ್ಲೆಂಡ್' ಅನ್ನೋ ಅಕ್ಷರಗಳ ಮೇಲೂ ಗೋಂದು.

ಫೋನ್ ಮಾಡಿದರೆ ಏನಂದ ಗೊತ್ತಾ? "ಫ್ರೀಯಾಗಿ ಹೊಸದು ಮಾಡಿಕೊಟ್ಟಿದ್ದೀನಿ ಸಾರ್, ಖುಷಿಪಡಬೇಕು ನೀವು."

ಖುಷಿನಾ? ಐವತ್ತು ವರ್ಷ ಯಾವುದೋ ಮಗುವಿನ ಕೈಯಲ್ಲಿ ಸವೆದ ಬಣ್ಣವನ್ನು ಕೆಮಿಕಲ್‌ನಲ್ಲಿ ಅದ್ದಿ ಸುಲಿದುಹಾಕಿದ್ದಾನೆ. ಲೆಸ್ನಿ 1982ರಲ್ಲೇ ದಿವಾಳಿಯಾಯಿತು. ಆ ಬಣ್ಣ ಇನ್ನೆಲ್ಲಿಂದ ತರೋದು? ಡಬ್ಬಿ ಪೇಂಟ್ ಬೇಕಿದ್ದರೆ ನಾನೇ ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತಿರಲಿಲ್ವಾ?

ರಿಪೇರಿ ಮಾಡುವವರ ಮೇಲೆ ನನಗೆ ಕೋಪವಿಲ್ಲ. ಚಕ್ರ ಕಳಚಿ, ಬಾಗಿಲು ಮುರಿದು ಬಿದ್ದ ಡಿಂಕಿ, ಕಾರ್ಗಿ ಬ್ರ್ಯಾಂಡಿನ ಆಟದ ಕಾರುಗಳಿಗೆ ಜೀವ ಕೊಡುವವರಿದ್ದಾರೆ. ಅವರು ಇದು ರೀಪೇಂಟ್ ಅಂತ ಬಾಯಿಬಿಟ್ಟು ಹೇಳುತ್ತಾರೆ. ಹೇಳದೇ ಕೇಳದೇ ಬಳಿದು, ಡೂಪ್ಲಿಕೇಟ್ ಡಬ್ಬಿಯಲ್ಲಿಟ್ಟು, 'ಮಿಂಟ್ ಕಂಡೀಷನ್', ಅಂದರೆ ಹೊಚ್ಚ ಹೊಸದರಂತಿದೆ ಅಂತ ದುಪ್ಪಟ್ಟು ರೇಟಿಗೆ ಮಾರುತ್ತಾರಲ್ಲ, ಅವರನ್ನು ಕಂಡರೆ ಮೈ ಉರಿಯುತ್ತದೆ. ಹೊಸದಾಗಿ ಕಲೆಕ್ಷನ್ ಶುರುಮಾಡಿದ ಹುಡುಗರು ಪಾಪ, ಹೊಳಪು ನೋಡಿ ಜಾಸ್ತಿ ದುಡ್ಡು ಸುರಿಯುತ್ತಾರೆ. ದಯವಿಟ್ಟು ಮೊದಲು ತಳದ ಫೋಟೊ ಕೇಳಿ. ರಿವೆಟ್ ನೋಡದೆ ದುಡ್ಡು ಕಳಿಸಬೇಡಿ.

ಇವತ್ತು ಬೆಳಿಗ್ಗೆ ಅವನೇ ಮತ್ತೆ ಫೋನ್ ಮಾಡಿದ. ಬೇಜಾರಾಗಿದ್ದರೆ ದುಡ್ಡು ವಾಪಸ್ ಕೊಡ್ತೀನಿ ಅಂದ. ಆ ಮೂಲೆ ವಾಪಸ್ ಕೊಡ್ತೀಯೇನಪ್ಪಾ ಅಂತ ಕೇಳಿದೆ. ಯಾವ ಮೂಲೆ ಸಾರ್ ಅಂದ.